ಭಿನ್ನರಾಶಿಯ ಪಾಠಕ್ಕೆ ಹೆದರುತ್ತಿದ್ದ ಪ್ರಶಿಕ್ಷಣಾರ್ಥಿ: ಚಿತ್ರದುರ್ಗ ಜಿಲ್ಲೆಯ ಒಂದು ಪ್ರಕರಣ ಅಧ್ಯಯನ

ಪ್ರಾಥಮಿಕ ಶಾಲಾ ಶಿಕ್ಷಕರಾಗಲು ತರಬೇತಿಗೆ ಬರುವವರಲ್ಲಿ ಗಣಿತವೆಂದರೆ ಅಳುಕುವವರು ಪ್ರತಿ ತಂಡದಲ್ಲಿಯೂ ಇರುತ್ತಾರೆ. ಅಂಥ ಒಬ್ಬ ಪ್ರಶಿಕ್ಷಣಾರ್ಥಿ ತಮ್ಮ ತರಬೇತಿಯ ಅವಧಿಯಲ್ಲಿ ಭಿನ್ನರಾಶಿಯ ಪಾಠವನ್ನು ಹೇಗೆ ಎದುರಿಸಿದರು, ಯಾವ ಪ್ರಯತ್ನ ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದನ್ನು ಗಣಿತ ಬೋಧನಾ ವಿಧಾನದ ಉಪನ್ಯಾಸಕನಾಗಿ ಹತ್ತಿರದಿಂದ ಕಂಡಿದ್ದೇನೆ. ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ವನಜಾ ಎಂದು ಕರೆದಿದ್ದೇನೆ. ಅದು ಅವರ ನಿಜವಾದ ಹೆಸರಲ್ಲ. ತರಬೇತಿ ಸಂಸ್ಥೆಯ, ಅಭ್ಯಾಸ ಶಾಲೆಯ, ಸಹಪಾಠಿಗಳ ಮತ್ತು ಮಕ್ಕಳ ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ತರಗತಿಯಲ್ಲಿ ನಡೆದ ಮಾತುಗಳನ್ನು ಅವಲೋಕನ ಪುಸ್ತಕದಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳ ಆಧಾರದ ಮೇಲೆ ಕೊಟ್ಟಿದ್ದೇನೆ.

ಹಿನ್ನೆಲೆ

ವನಜಾ ಚಳ್ಳಕೆರೆ ಕಡೆಯ ಶೇಂಗಾ ಬೆಳೆಯುವ ಕುಟುಂಬದವರು. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತವನ್ನು ಪ್ರಯಾಸದಿಂದ ಪಾಸು ಮಾಡಿ, ಪಿಯುಸಿಯಲ್ಲಿ ಕಲಾ ವಿಭಾಗವನ್ನು ಆರಿಸಿಕೊಂಡವರು. ಕನ್ನಡದ ಪಾಠವನ್ನು ಅವರು ಮಾಡುತ್ತಿದ್ದ ರೀತಿಯನ್ನು ನಮ್ಮ ಸಂಸ್ಥೆಯಲ್ಲಿ ಎಲ್ಲರೂ ಮೆಚ್ಚುತ್ತಿದ್ದರು. ಪದ್ಯವನ್ನು ಓದಿ, ನಿಲ್ಲಿಸಿ, ಮಕ್ಕಳ ಬಾಯಿಂದಲೇ ಅರ್ಥ ಹೊರಡಿಸುವ ಸಾಮರ್ಥ್ಯ ಅವರಿಗೆ ಮೊದಲ ವರ್ಷದಲ್ಲಿಯೇ ಇತ್ತು. ಆದುದರಿಂದ ಇವರ ತೊಡಕು ಮಕ್ಕಳ ಮುಂದೆ ನಿಲ್ಲುವ ಅಂಜಿಕೆಯಲ್ಲ ಎಂಬುದು ಆರಂಭದಿಂದಲೇ ಸ್ಪಷ್ಟವಿತ್ತು. ಈ ಅಂಶ ಮುಂದೆ ಬಹಳ ಉಪಯೋಗಕ್ಕೆ ಬಂದಿತು.

ಪ್ರಾಥಮಿಕ ಶಿಕ್ಷಕರಾಗಲು ಮಾಡುವ ಈ ತರಬೇತಿ, ಅಂದರೆ ಡಿ.ಎಲ್.ಇಡಿ., ಎರಡು ವರ್ಷಗಳ ಡಿಪ್ಲೊಮಾ ಕೋರ್ಸು. ಅದನ್ನು ಮುಗಿಸಿದವರು ಕಿರಿಯ ಪ್ರಾಥಮಿಕ ಶಾಲೆಗೆ ಹೋದರೆ ಅಲ್ಲಿ ಕನ್ನಡಕ್ಕೊಬ್ಬರು, ಗಣಿತಕ್ಕೊಬ್ಬರು ಎಂಬ ಹಂಚಿಕೆ ಇರುವುದಿಲ್ಲ. ಇಬ್ಬರು ಶಿಕ್ಷಕರಿರುವ ಶಾಲೆಯಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಎಲ್ಲ ವಿಷಯಗಳೂ ಆ ಇಬ್ಬರ ಮೇಲೆಯೇ ಬರುತ್ತವೆ. ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿಯೂ 150 ಪ್ರಶ್ನೆಗಳ ಪೈಕಿ 30 ಗಣಿತಕ್ಕೆ ಮೀಸಲು. ಗಣಿತವನ್ನು ತಪ್ಪಿಸಿಕೊಂಡು ಪ್ರಾಥಮಿಕ ಶಿಕ್ಷಕರಾಗಿ ಉಳಿಯುವ ದಾರಿ ಇಲ್ಲ. ಹೀಗಿದ್ದರೂ ತರಬೇತಿಗೆ ಬರುವ ಅನೇಕರು ಹತ್ತನೆಯ ತರಗತಿಯ ಪರೀಕ್ಷೆ ಬರೆದ ದಿನವೇ ಗಣಿತದ ಪುಸ್ತಕವನ್ನು ಮುಚ್ಚಿಟ್ಟವರಾಗಿರುತ್ತಾರೆ.

ಶಿಕ್ಷಕರ ಅಳುಕು ಅವರೊಬ್ಬರ ಪಾಡಾಗಿ ಉಳಿಯುವುದಿಲ್ಲ ಎಂಬ ಕಾರಣಕ್ಕೆ ಈ ವಿಷಯ ನನಗೆ ಮುಖ್ಯವೆನಿಸುತ್ತದೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಸಂದರ್ಭದಲ್ಲಿ ಗಣಿತ ಬೋಧನೆಯ ಕುರಿತು ಸಿದ್ಧವಾದ ಪ್ರಬಂಧವು, ಬಹುಪಾಲು ಮಕ್ಕಳಲ್ಲಿರುವ ಭಯ ಮತ್ತು ಸೋಲಿನ ಭಾವನೆಯನ್ನು ಗಣಿತ ಶಿಕ್ಷಣದ ಪ್ರಮುಖ ಸಮಸ್ಯೆಯಾಗಿ ಗುರುತಿಸಿತು; ಶಿಕ್ಷಕರ ಸಿದ್ಧತೆಯ ಕೊರತೆಯನ್ನೂ ಅದರ ಜೊತೆಗೇ ಹೆಸರಿಸಿತು. ಮನೋವಿಜ್ಞಾನಿ ಸಿಯಾನ್ ಬೀಲಾಕ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಮತ್ತು ಎರಡನೆಯ ತರಗತಿಗಳ 17 ಶಿಕ್ಷಕಿಯರನ್ನೂ ಅವರ ವಿದ್ಯಾರ್ಥಿಗಳನ್ನೂ ಒಂದು ಶಾಲಾ ವರ್ಷ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ನೇರವಾಗಿದೆ. ಶಿಕ್ಷಕಿಯ ಗಣಿತ ಭಯ ಹೆಚ್ಚಿದ್ದ ಕಡೆ, ವರ್ಷದ ಕೊನೆಗೆ, ಗಣಿತ ಗಂಡುಮಕ್ಕಳಿಗೆ ಹೇಳಿದ್ದು ಎಂಬ ನಂಬಿಕೆ ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಂಡಿತು. ಹಾಗೆ ನಂಬಿದ ಹುಡುಗಿಯರ ಗಣಿತ ಸಾಧನೆಯೂ ಕಡಿಮೆಯಾಗಿತ್ತು. ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕಿಯರ ಸಂಖ್ಯೆ ದೊಡ್ಡದಾಗಿರುವ ನಮ್ಮಂಥ ಕಡೆ ಇದನ್ನು ಓದಿ ಸುಮ್ಮನಿರಲಾಗದು.

ಸಮಸ್ಯೆ ಗೋಚರವಾದ ಬಗೆ

ವನಜಾ ಅವರ ತೊಂದರೆ ಅಂಕಪಟ್ಟಿಯಿಂದ ಗೊತ್ತಾಗಲಿಲ್ಲ. ಅಭ್ಯಾಸ ಪಾಠಗಳ ವೇಳಾಪಟ್ಟಿಯನ್ನು ನೋಡುವಾಗ ಗೊತ್ತಾಯಿತು. ಅವರ ಪಾಲಿಗೆ ಬಂದ ಗಣಿತದ ಪಾಠಗಳನ್ನು ಸಹಪಾಠಿಯೊಬ್ಬರು ತೆಗೆದುಕೊಳ್ಳುತ್ತಿದ್ದರು, ಆ ಸಹಪಾಠಿಯ ಪಾಲಿನ ಕನ್ನಡ ಪದ್ಯದ ಪಾಠಗಳನ್ನು ಇವರು ಮಾಡುತ್ತಿದ್ದರು. ಆ ಸಹಪಾಠಿಗೆ ಲೆಕ್ಕ ಸಲೀಸು, ಪದ್ಯವನ್ನು ಗಟ್ಟಿಯಾಗಿ ಓದುವುದು ಕಷ್ಟ. ಹೀಗೆ ಒಬ್ಬರ ಭಯಕ್ಕೆ ಇನ್ನೊಬ್ಬರ ಭಯ ಹೊಂದಿಕೊಂಡು ಒಂದು ಅನುಕೂಲದ ವಿನಿಮಯ ಏರ್ಪಟ್ಟಿತ್ತು. ಇಂಥ ವಿನಿಮಯಗಳು ಎಲ್ಲ ತರಬೇತಿ ಸಂಸ್ಥೆಗಳಲ್ಲಿಯೂ ನಡೆಯುತ್ತವೆ ಎಂದು ನಾನು ಭಾವಿಸುತ್ತೇನೆ. ಪಾಠಗಳ ಒಟ್ಟು ಸಂಖ್ಯೆ ಸರಿಹೋಗುವುದರಿಂದ ಅವು ಬೇಗನೆ ಕಣ್ಣಿಗೆ ಬೀಳುವುದಿಲ್ಲ.

ವಿನಿಮಯ ಮಾಡಿಕೊಳ್ಳಲಾಗದ ಒಂದು ದಿನ ವನಜಾ ಐದನೆಯ ತರಗತಿಗೆ ಭಿನ್ನರಾಶಿಗಳನ್ನು ಹೋಲಿಸುವ ಪಾಠ ಮಾಡಬೇಕಾಯಿತು. 1/4 ಮತ್ತು 1/8ರಲ್ಲಿ ಯಾವುದು ದೊಡ್ಡದು ಎಂದು ಕೇಳಿದಾಗ ಹುಡುಗಿಯೊಬ್ಬಳು, ‘ಎಂಟು ದೊಡ್ದಲ್ವಾ ಮಿಸ್, ಅದ್ಕೆ ಎಂಟನೇ ಒಂದೇ ದೊಡ್ದು’ ಎಂದಳು. ವನಜಾ, ‘ಅಲ್ಲ. ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು. ಎಲ್ಲರೂ ಬರ್ಕೊಳ್ಳಿ’ ಎಂದರು. ಅಂಶಗಳು ಒಂದೇ ಆಗಿದ್ದಾಗ ಮಾತ್ರ ಈ ನಿಯಮ ಸರಿ ಎಂಬುದನ್ನು ಹೇಳಲಿಲ್ಲ. ಮಕ್ಕಳು ನಿಯಮವನ್ನು ಬರೆದುಕೊಂಡು ಅದರಂತೆಯೇ ನಡೆದರು: ಮುಂದಿನ ಲೆಕ್ಕದಲ್ಲಿ 1/2ಕ್ಕಿಂತ 7/8 ಚಿಕ್ಕದು ಎಂದು ತರಗತಿಯ ಬಹುತೇಕರು ಉತ್ತರಿಸಿದರು. ಈ ಉತ್ತರ ತಪ್ಪೆಂದು ವನಜಾ ಅವರಿಗೆ ತಕ್ಷಣ ಹೊಳೆಯಿತು, ಆದರೆ ಮಕ್ಕಳು ತಪ್ಪಿದ್ದು ಎಲ್ಲಿ ಎಂದು ಹೇಳಲು ಅವರಿಗೆ ಆಗಲಿಲ್ಲ. ಬೋರ್ಡನ್ನು ಒರೆಸಿ ಮಗ್ಗಿ ಬರೆಯಲು ಹೇಳಿದರು. ಅವಧಿ ಮುಗಿಯುವವರೆಗೂ ಮಕ್ಕಳು ಮಗ್ಗಿ ಬರೆದರು.

ಪಾಠದ ನಂತರ ಸ್ಟಾಫ್ ರೂಮಿನಲ್ಲಿ ಕುಳಿತು ಮಾತಾಡಿದಾಗ ಅವರು ಹೇಳಿದ ಮಾತು ಈ ಪ್ರಕರಣದ ಮುಂದಿನ ದಿಕ್ಕನ್ನು ನಿರ್ಧರಿಸಿತು. ‘ಲೆಕ್ಕ ಬರಲ್ಲ ಅಂತಲ್ಲ ಸರ್. ಪುಸ್ತಕದಲ್ಲಿರೋದನ್ನ ಮಾಡ್ತೀನಿ. ಯಾಕೆ ಹಂಗೆ ಅಂತ ಒಬ್ರು ಕೇಳಿಬಿಟ್ರೆ ಏನ್ ಹೇಳ್ಲಿ ಅಂತ ಭಯ. ಅದ್ಕೆ ಯಾರೂ ಕೇಳದಂಗೆ ಪಾಠ ಮಾಡ್ತೀನಿ.’ ಕನ್ನಡದ ತರಗತಿಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದ ಅದೇ ಶಿಕ್ಷಕಿ ಗಣಿತದಲ್ಲಿ ಪ್ರಶ್ನೆಗೆ ಎಡೆಯೇ ಇರದಂತೆ ಪಾಠವನ್ನು ಕಟ್ಟುತ್ತಿದ್ದರು.

ಮೊದಲು ಮಾಡಿದ ಪ್ರಯತ್ನಗಳು

ಈ ಮಾತುಕತೆಗೆ ಮೊದಲೇ ಸಂಸ್ಥೆಯಲ್ಲಿ ಒಂದು ಪರಿಹಾರ ನಡೆದಿತ್ತು. ಗಣಿತದಲ್ಲಿ ಹಿಂದುಳಿದವರನ್ನು ಗುರುತಿಸಿ, ಸಂಜೆ ಹೆಚ್ಚುವರಿ ತರಗತಿ ನಡೆಸಿ, ಐದರಿಂದ ಹತ್ತನೆಯ ತರಗತಿಯವರೆಗಿನ ಲೆಕ್ಕಗಳನ್ನು ಮಾಡಿಸಲಾಗುತ್ತಿತ್ತು. ವನಜಾ ಶ್ರದ್ಧೆಯಿಂದ ಹಾಜರಾದರು, ಕಿರುಪರೀಕ್ಷೆಗಳಲ್ಲಿ ಅವರ ಅಂಕಗಳು ಏರಿದವು. ಆದರೆ ಪಾಠ ವಿನಿಮಯ ನಿಲ್ಲಲಿಲ್ಲ. ಕಾರಣ ಈಗ ಸುಲಭವಾಗಿ ಕಾಣುತ್ತದೆ: ಪರೀಕ್ಷೆಯ ಹಾಳೆ ‘ಯಾಕೆ’ ಎಂದು ಕೇಳುವುದಿಲ್ಲ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆ, ಛೇದವನ್ನು ಸಮ ಮಾಡು, ಅಂಶಗಳನ್ನು ಕೂಡು ಎಂಬ ಕ್ರಮವನ್ನು ಚುರುಕಾಗಿಸಿದಷ್ಟೂ ಆ ಕ್ರಮದ ಹಿಂದೆ ಏನಿದೆ ಎಂಬ ಪ್ರಶ್ನೆ ಇದ್ದಲ್ಲಿಯೇ ಉಳಿಯುತ್ತದೆ.

ಎರಡನೆಯದಾಗಿ, ಅನುಭವಿ ಶಿಕ್ಷಕರೊಬ್ಬರ ಮಾದರಿ ಪಾಠವನ್ನು ಏರ್ಪಡಿಸಲಾಯಿತು. ಅದು ನಿಜಕ್ಕೂ ಉತ್ತಮ ಪಾಠ. ಅದನ್ನು ನೋಡಿ ಬಂದ ವನಜಾ, ‘ಅವ್ರಿಗೆ ಬಂದ್ಬಿಟ್ಟೈತೆ ಸರ್, ನಮ್ ಕೈಲಿ ಆಗೋದಲ್ಲ’ ಎಂದರು. ಆತ್ಮವಿಶ್ವಾಸ ಹುಟ್ಟುವ ಬಗೆಯನ್ನು ಕುರಿತು 1977ರಲ್ಲಿ ಬರೆದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ, ತಾನೇ ಮಾಡಿ ಗೆದ್ದ ಅನುಭವಕ್ಕೆ ಮೊದಲ ಸ್ಥಾನ ಕೊಡುತ್ತಾರೆ. ಇತರರು ಮಾಡುವುದನ್ನು ನೋಡುವುದಕ್ಕೆ ಅದರ ನಂತರದ ಸ್ಥಾನ. ನೋಡುವಾಗಲೂ, ಮಾಡುವವರು ತಮ್ಮಂಥವರೇ ಎಂದು ನೋಡುವವರಿಗೆ ಅನ್ನಿಸಬೇಕು. ಪಳಗಿದ ಕೈಯ ಪಾಠ ಇವರಿಗೆ ದೂರವನ್ನಷ್ಟೇ ತೋರಿಸಿತು. ಇನ್ನು ಬಾಯಿಮಾತಿನ ಧೈರ್ಯವಂತೂ ವನಜಾ ಅವರಿಗೆ ಮೊದಲಿನಿಂದಲೂ ಸಾಕಷ್ಟು ಸಿಕ್ಕಿತ್ತು. ‘ನಿನ್ ಕೈಲಿ ಆಗುತ್ತಮ್ಮ’ ಎಂದು ಹೇಳದ ಶಿಕ್ಷಕರೇ ಇರಲಿಲ್ಲ. ಅಂಥ ಮಾತಿನ ಬಲ ಮೊದಲ ಪ್ರಶ್ನೆ ಬರುವವರೆಗೆ ಮಾತ್ರ.

ದಿಕ್ಕು ಬದಲಿಸಿದ ನಿರ್ಧಾರಗಳು

ಭಯ ಇರುವುದು ಲೆಕ್ಕದ ಬಗ್ಗೆ ಅಲ್ಲ, ಲೆಕ್ಕದ ಅರ್ಥದ ಬಗ್ಗೆ ಎಂದು ಗೊತ್ತಾದ ಮೇಲೆ ಹೆಚ್ಚುವರಿ ತರಗತಿಯ ಸ್ವರೂಪವನ್ನು ಬದಲಿಸಿದೆವು. ಲೆಕ್ಕ ಕೊಟ್ಟು ಉತ್ತರ ಕೇಳುವುದನ್ನು ಬಿಟ್ಟು, ಲೆಕ್ಕ ಕೊಟ್ಟು ಅದಕ್ಕೆ ಒಪ್ಪುವ ಸನ್ನಿವೇಶವನ್ನು ಬರೆಯಲು ಹೇಳಿದೆವು. ಮೊದಲ ಲೆಕ್ಕ 1¾ ÷ ½. ಇದನ್ನು ನಾನು ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ ಅವರ, 1999ರಲ್ಲಿ ಪ್ರಕಟವಾದ ಅಧ್ಯಯನದಿಂದ ತೆಗೆದುಕೊಂಡೆ. ಅವರು ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರನ್ನು ಹೋಲಿಸಿದ್ದರು. ಅಮೆರಿಕದ ಶಿಕ್ಷಕರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಈ ಲೆಕ್ಕವನ್ನು ಪೂರ್ತಿ ಸರಿಯಾಗಿ ಮಾಡಿದರು. ಅದಕ್ಕೆ ಹೊಂದುವ ಸನ್ನಿವೇಶವನ್ನು ಸರಿಯಾಗಿ ರಚಿಸಿದವರು ಒಬ್ಬರೇ. ಚೀನಾದ ಶಿಕ್ಷಕರೆಲ್ಲರೂ ಲೆಕ್ಕ ಮಾಡಿದರು, ಬಹುತೇಕರು ಸನ್ನಿವೇಶವನ್ನೂ ಬರೆದರು. ಇದನ್ನು ಪ್ರಶಿಕ್ಷಣಾರ್ಥಿಗಳಿಗೆ ಮೊದಲೇ ತಿಳಿಸಿದೆ. ಸೇವೆಯಲ್ಲಿರುವ ಶಿಕ್ಷಕರೂ ಎಡವಿದ ಲೆಕ್ಕ ಇದು ಎಂದು ಗೊತ್ತಾದಾಗ ಕೋಣೆಯ ಬಿಗಿ ಸಡಿಲವಾಯಿತು.

ವನಜಾ ಬರೆದದ್ದು ಹೀಗಿತ್ತು: ‘1¾ ಲೀಟರ್ ಶೇಂಗಾ ಎಣ್ಣೆಯನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು?’ ಅವರು ಕಲಿತಿದ್ದ ಕ್ರಮದಂತೆ ತಿರುಗಿಸಿ ಗುಣಿಸಿದಾಗ 3½ ಬಂದಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಎರಡು ಲೀಟರೂ ಇಲ್ಲದ ಎಣ್ಣೆಯನ್ನು ಹಂಚಿದರೆ ಒಬ್ಬರಿಗೆ ಮೂರೂವರೆ ಲೀಟರ್ ಹೇಗೆ ಸಿಗುತ್ತದೆ ಎಂದು ಅವರೇ ಕೇಳಿದರು. ಯಾರೂ ತಪ್ಪು ತೋರಿಸಿರಲಿಲ್ಲ. ಎರಡರಿಂದ ಭಾಗಿಸುವುದಕ್ಕೂ ಅರ್ಧದಿಂದ ಭಾಗಿಸುವುದಕ್ಕೂ ಇರುವ ಅಂತರ ಹೀಗೆ ಹೊರಬಂದಿತು. ಸ್ವಲ್ಪ ಹೊತ್ತಿನ ಚರ್ಚೆಯ ನಂತರ ಸನ್ನಿವೇಶ ಬದಲಾಯಿತು: 1¾ ಲೀಟರ್ ಎಣ್ಣೆಯನ್ನು ಅರ್ಧ ಲೀಟರ್ ಹಿಡಿಯುವ ಬಾಟಲಿಗಳಿಗೆ ತುಂಬಿದರೆ ಎಷ್ಟು ಬಾಟಲಿಗಳು? ಮೂರು ಬಾಟಲಿ ತುಂಬುತ್ತವೆ, ಕಾಲು ಲೀಟರ್ ಉಳಿಯುತ್ತದೆ. ಹಾಗಾದರೆ ಉತ್ತರ ಮೂರೂಕಾಲೋ ಮೂರೂವರೆಯೋ? ಈ ಪ್ರಶ್ನೆಯ ಮೇಲೆ ಉಳಿದ ಅವಧಿಯೆಲ್ಲ ಕಳೆಯಿತು. ಉಳಿದ ಎಣ್ಣೆ ಲೀಟರಿನ ಕಾಲು ಭಾಗ, ಆದರೆ ಬಾಟಲಿಯ ಅರ್ಧ ಭಾಗ. ನಾವು ಎಣಿಸುತ್ತಿರುವುದು ಬಾಟಲಿಗಳನ್ನು. ಭಿನ್ನರಾಶಿಯನ್ನು ಕಂಡಾಗಲೆಲ್ಲ ‘ಯಾವುದರಲ್ಲಿ?’ ಎಂದು ಕೇಳಿಕೊಳ್ಳಬೇಕು ಎಂಬುದು ಅವರ ಪುಸ್ತಕದಲ್ಲಿ ಅಂದು ಕೆಂಪು ಶಾಯಿಯಲ್ಲಿ ದಾಖಲಾಯಿತು. ತಿರುಗಿಸಿ ಗುಣಿಸುವುದು ಏಕೆ ಎಂಬುದಕ್ಕೂ ಉತ್ತರ ಅಲ್ಲಿಯೇ ಇತ್ತು: ಒಂದು ಲೀಟರಿಗೆ ಎರಡು ಅರ್ಧ ಲೀಟರ್ ಬಾಟಲಿ ಬೇಕಾದರೆ, 1¾ ಲೀಟರಿಗೆ 1¾ರ ಎರಡರಷ್ಟು ಬೇಕು.

ಛೇದ ಸಮ ಮಾಡುವ ಕ್ರಮಕ್ಕೆ ಅರ್ಥ ಸಿಕ್ಕಿದ್ದು ಹೊಲದ ಲೆಕ್ಕದಿಂದ. ಎಕರೆಗೆ 40 ಗುಂಟೆ ಎಂಬುದು ರೈತರ ಮನೆಯ ಮಕ್ಕಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಕಾಲೆಕರೆ 10 ಗುಂಟೆ, ಎಕರೆಯ ಐದನೆಯ ಒಂದು ಭಾಗ 8 ಗುಂಟೆ, ಎರಡೂ ಸೇರಿ 18 ಗುಂಟೆ, ಅಂದರೆ 18/40 ಅಥವಾ 9/20. ಇಲ್ಲಿ ಗುಂಟೆಯೇ ಸಮ ಛೇದದ ಕೆಲಸ ಮಾಡಿತು. ಮೂರನೆಯ ಒಂದು ಭಾಗ ಬಂದಾಗ ಗುಂಟೆ ಕೈಕೊಟ್ಟಿತು, ಏಕೆಂದರೆ 40 ಮೂರರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಆಗ ಗುಂಪಿನಲ್ಲಿದ್ದವರೊಬ್ಬರು ಗಡಿಯಾರವನ್ನು ಸೂಚಿಸಿದರು: ಅರ್ಧ ಗಂಟೆ 30 ನಿಮಿಷ, ಮೂರನೆಯ ಒಂದು ಭಾಗ 20 ನಿಮಿಷ, ಕೂಡಿದರೆ 50 ನಿಮಿಷ, ಅಂದರೆ ಗಂಟೆಯ 5/6 ಭಾಗ. ಎರಡು ಭಿನ್ನರಾಶಿಗಳೂ ಪೂರ್ಣಸಂಖ್ಯೆಯಾಗಿ ಬರುವಂಥ ಅಳತೆಯೊಂದನ್ನು ಹುಡುಕುವುದೇ ಲ.ಸಾ.ಅ.ದ ಉದ್ದೇಶ ಎಂದು ವನಜಾ ಆ ದಿನ ಸಹಪಾಠಿಗಳಿಗೆ ವಿವರಿಸಿದರು. ಗಣಿತದ ವಿಷಯದಲ್ಲಿ ಅವರು ಇತರರಿಗೆ ವಿವರಿಸುತ್ತಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಎರಡನೆಯ ನಿರ್ಧಾರ ಪಾಠ ಯೋಜನೆಗೆ ಸಂಬಂಧಿಸಿದ್ದು. ವನಜಾ ಅವರ ಗಣಿತದ ಪಾಠ ಯೋಜನೆಗಳು ತಾವು ಆಡಬೇಕಾದ ಮಾತುಗಳಿಂದ ತುಂಬಿರುತ್ತಿದ್ದವು; ಅದನ್ನು ಅವರು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಮಗುವಿನ ಒಂದು ಅನಿರೀಕ್ಷಿತ ಉತ್ತರ ಬಂದರೆ ಸಾಕು, ಆ ಬಾಯಿಪಾಠ ಅಲ್ಲಿಗೇ ಮುರಿಯುತ್ತಿತ್ತು. ಯೋಜನೆಯ ಎಡಬದಿಯ ಖಾಲಿ ಪುಟದಲ್ಲಿ, ಪ್ರತಿ ಮುಖ್ಯ ಪ್ರಶ್ನೆಗೂ ಮಕ್ಕಳು ಕೊಡಬಹುದಾದ ತಪ್ಪು ಉತ್ತರಗಳನ್ನೂ, ಹಾಗೆ ಹೇಳುವ ಮಗುವಿನ ತರ್ಕ ಏನಿರಬಹುದು ಎಂಬುದನ್ನೂ ಬರೆಯಲು ಹೇಳಿದೆವು. ನಿಗದಿತ ನಮೂನೆಯಲ್ಲಿ ಇದಕ್ಕೆ ಜಾಗವಿಲ್ಲ. ಈ ಸಣ್ಣ ಬದಲಾವಣೆಯ ಪರಿಣಾಮ ನನ್ನ ನಿರೀಕ್ಷೆಗಿಂತ ದೊಡ್ಡದಾಗಿತ್ತು. ತಪ್ಪು ಉತ್ತರಗಳ ಪುಟ ಬರೆಯುವಾಗ ವನಜಾ ತಮ್ಮ ಶಾಲಾ ದಿನಗಳ ತಪ್ಪುಗಳನ್ನೇ ನೆನಪಿಸಿಕೊಂಡು ಬರೆಯುತ್ತಿದ್ದರು. ಲೆಕ್ಕ ಸಲೀಸಾಗಿದ್ದ ಅವರ ಸಹಪಾಠಿಗೆ ಈ ಪುಟ ತುಂಬಿಸುವುದು ಕಷ್ಟವಾಯಿತು. ತಾನು ಗಣಿತದಲ್ಲಿ ಕಷ್ಟಪಟ್ಟದ್ದು ಬೋಧನೆಗೆ ಬರುವಾಗ ಒಂದು ಬಂಡವಾಳವೂ ಆಗಬಹುದು ಎಂಬ ಅರಿವು ವನಜಾ ಅವರಲ್ಲಿ ಮೂಡಿದ್ದು ಇಲ್ಲಿ.

ಪಾಠ ವಿನಿಮಯವನ್ನು ಏನು ಮಾಡಬೇಕು ಎಂಬುದು ಮೂರನೆಯ ಪ್ರಶ್ನೆ. ಅದನ್ನು ನಿಷೇಧಿಸಬೇಕೆಂಬ ಅಭಿಪ್ರಾಯ ನಮ್ಮಲ್ಲಿ ಬಲವಾಗಿತ್ತು. ನಿಷೇಧಿಸಿದ್ದರೆ ವನಜಾ ಪಾಠ ಮಾಡುತ್ತಿದ್ದರು, ಆದರೆ ಮಗ್ಗಿ ಬರೆಸಿದಂಥ ಪಾಠಗಳನ್ನೇ ಮಾಡುತ್ತಿದ್ದರು ಎಂಬುದು ನನ್ನ ವಾದವಾಗಿತ್ತು. ಕೊನೆಗೆ ವಿನಿಮಯ ಮಾಡಿಕೊಳ್ಳುತ್ತಿದ್ದ ಇಬ್ಬರನ್ನೇ ಜೋಡಿ ಮಾಡಿದೆವು. ಗಣಿತದ ಪಾಠವನ್ನೂ ಪದ್ಯದ ಪಾಠವನ್ನೂ ಇಬ್ಬರೂ ಕೂಡಿ ಯೋಜಿಸಬೇಕು, ತರಗತಿಯಲ್ಲಿ ಇಬ್ಬರೂ ಇರಬೇಕು, ಅಳುಕಿರುವವರು ಮೊದಲು ಪಾಠದ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು ಕ್ರಮೇಣ ಪೂರ್ತಿ ಅವಧಿಗೆ ಬರಬೇಕು. ಪದ್ಯ ಓದುವಾಗ ಸಹಪಾಠಿ ತಡವರಿಸಿ, ಮತ್ತೆ ಸುಧಾರಿಸಿಕೊಂಡು ಮುಂದುವರಿದುದನ್ನು ವನಜಾ ಕಂಡರು. ಮಾದರಿ ಪಾಠ ಕೊಡಲಾಗದ್ದನ್ನು ಈ ದೃಶ್ಯ ಅವರಿಗೆ ಕೊಟ್ಟಿತು.

2/5 ಎಂಬ ಉತ್ತರ

ಎರಡನೆಯ ವರ್ಷದ ಇಂಟರ್ನ್‌ಶಿಪ್‌ನಲ್ಲಿ ವನಜಾ ಒಂದು ಹಿರಿಯ ಪ್ರಾಥಮಿಕ ಶಾಲೆಯ ಆರನೆಯ ತರಗತಿಗೆ ಭಿನ್ನರಾಶಿಗಳ ಸಂಕಲನವನ್ನು ಬೋಧಿಸಿದರು. ಹಿಂದಿನ ಸಾಲಿನಲ್ಲಿ ತರಗತಿ ಶಿಕ್ಷಕರೂ ನಾನೂ ಕುಳಿತಿದ್ದೆವು. 1/2 + 1/3 ಎಷ್ಟಾಗಬಹುದು ಎಂದು ಕೇಳಿದಾಗ ಒಬ್ಬ ಹುಡುಗ 2/5 ಎಂದ. ಇದು ಎಡಪುಟದಲ್ಲಿ ಇದ್ದ ಉತ್ತರವೇ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾನೆ ಎಂದುಕೊಂಡು ವನಜಾ, ‘ಹೇಗೆ ಬಂತು ಹೇಳು’ ಎಂದರು. ಹುಡುಗ ಕೊಟ್ಟ ವಿವರಣೆ ಎಡಪುಟದಲ್ಲಿ ಇರಲಿಲ್ಲ. ‘ಈ ಸಾಲಿನಾಗೆ ಇಬ್ರು ಕುಂತವ್ರೆ, ಅದ್ರಾಗೆ ಒಬ್ಳು ಹುಡುಗಿ. ಆ ಸಾಲಿನಾಗೆ ಮೂರು ಜನ, ಅದ್ರಾಗೂ ಒಬ್ಳೇ. ಎಲ್ಲಾ ಸೇರಿದ್ರೆ ಐದ್ರಾಗೆ ಎರಡು. ತಪ್ಪಾ ಮಿಸ್?’

ಎಣಿಕೆಯಲ್ಲಿ ತಪ್ಪಿಲ್ಲ. ಐವರಲ್ಲಿ ಇಬ್ಬರು ಹುಡುಗಿಯರು ಇರುವುದು ಎಲ್ಲರಿಗೂ ಕಾಣುತ್ತಿತ್ತು. ವನಜಾ ಸ್ತಬ್ಧರಾದರು. ತರಗತಿ ಶಿಕ್ಷಕರು ಎದ್ದು ವಿವರಿಸಲು ಮುಂದಾದಾಗ ನಾನು ಕೈಸನ್ನೆಯಿಂದ ತಡೆದೆ. ಹಿಂದಿನಿಂದ ಉತ್ತರ ಬಂದರೆ, ಮಿಸ್‌ಗೆ ಗೊತ್ತಿಲ್ಲದ್ದು ಹಿಂದೆ ಕುಳಿತವರಿಗೆ ಗೊತ್ತು ಎಂದು ಮಕ್ಕಳೂ ನಂಬುತ್ತಿದ್ದರು, ವನಜಾ ಅವರೂ ನಂಬುತ್ತಿದ್ದರು. ತಡೆದರೆ ಅವರು ಕುಸಿಯಬಹುದು ಎಂಬ ಅಪಾಯವೂ ಇತ್ತು. ಎಡಪುಟದ ಅಭ್ಯಾಸ ಮತ್ತು ಜೋಡಿ ಪಾಠಗಳ ಬಲ ಇಲ್ಲದಿದ್ದರೆ, ಮೊದಲ ವರ್ಷದಲ್ಲಿ, ನಾನು ಹಾಗೆ ತಡೆಯುತ್ತಿರಲಿಲ್ಲ.

ವನಜಾ ಬೋರ್ಡಿನ ಮೂಲೆಯಲ್ಲಿ ಹುಡುಗನ ಹೆಸರನ್ನೂ ‘2/5’ ಎಂಬುದನ್ನೂ ಬರೆದು ಸುತ್ತಲೂ ಗೆರೆ ಎಳೆದರು. ‘ನೀನು ಎಣಿಸಿದ್ದು ಸರಿ ಐತೆ. ಲೆಕ್ಕದಲ್ಲಿ ಬೇರೆ ಉತ್ತರ ಬರುತ್ತೆ. ಎರಡೂ ಹೇಗೆ ಅಂತ ನನಗೂ ನೋಡ್ಬೇಕು. ನಾಳೆ ಇದರಿಂದಲೇ ಶುರು ಮಾಡೋಣ, ಯಾರೂ ಒರೆಸ್ಬೇಡಿ’ ಎಂದರು. ಹಿಂದೆಯೂ ಅವರು ‘ಆಮೇಲೆ ನೋಡೋಣ’ ಎನ್ನುತ್ತಿದ್ದರು. ಅದು ಪ್ರಶ್ನೆಯನ್ನು ಮುಚ್ಚುವ ಮಾತಾಗಿತ್ತು. ಇಂದು ಅದನ್ನು ಬರೆದಿಟ್ಟು, ದಿನ ಗೊತ್ತುಪಡಿಸಿ, ಎಲ್ಲರ ಎದುರು ಜವಾಬ್ದಾರಿ ಹೊತ್ತರು.

ಸಂಜೆ ಅವರು ಕೇಳಿದಾಗ ನಾನು ಉತ್ತರ ಹೇಳದೆ, ‘ಆ ಹುಡುಗ ಯಾವುದರಲ್ಲಿ ಅರ್ಧ ಅಂತಿದ್ದಾನೆ, ಯಾವುದರಲ್ಲಿ ಮೂರನೇ ಒಂದು ಅಂತಿದ್ದಾನೆ?’ ಎಂದಷ್ಟೇ ಕೇಳಿದೆ. ಬಾಟಲಿಯ ಚರ್ಚೆಯ ದಿನ ಕೆಂಪು ಶಾಯಿಯಲ್ಲಿ ಬರೆದಿದ್ದ ಪ್ರಶ್ನೆ ಇದೇ ಆಗಿತ್ತು. ಉಳಿದುದನ್ನು ಅವರೂ ಅವರ ಜೊತೆಗಾರ್ತಿಯೂ ಸೇರಿ ಬಿಡಿಸಿಕೊಂಡರು.

ಮರುದಿನ ವನಜಾ ಶಾಲೆಯ ಬೀರುವಿನಲ್ಲಿದ್ದ ಗಣಿತ ಕಲಿಕಾ ಆಂದೋಲನದ ಕಿಟ್‌ನಿಂದ ಭಿನ್ನರಾಶಿ ಪಟ್ಟಿಗಳನ್ನು ತೆಗೆದುಕೊಂಡು ಬಂದರು. ಒಂದೇ ಉದ್ದದ ಪಟ್ಟಿಯ ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಜೋಡಿಸಿಟ್ಟು, ಕೆಳಗೆ ಅದೇ ಪಟ್ಟಿಯ ಐದನೆಯ ಎರಡು ಭಾಗವನ್ನು ಇಟ್ಟರು. ‘ಅರ್ಧಕ್ಕಿಂತ ಕಮ್ಮಿ ಆತು ಮಿಸ್!’ ಎಂದು ಮಕ್ಕಳೇ ಕೂಗಿದರು. ಅರ್ಧಕ್ಕೆ ಇನ್ನಷ್ಟು ಸೇರಿಸಿದಾಗ ಅರ್ಧಕ್ಕಿಂತ ಕಡಿಮೆಯಾಗುವುದು ಸಾಧ್ಯವಿಲ್ಲ ಎಂಬುದನ್ನು ನಿಯಮದ ನೆರವಿಲ್ಲದೆ ಎಲ್ಲರೂ ಒಪ್ಪಿದರು. ಆಮೇಲೆ ಅವರು ಹುಡುಗನ ಸಾಲುಗಳಿಗೆ ಬಂದರು. ಅಲ್ಲಿ ಅರ್ಧ ಎಂದದ್ದು ಇಬ್ಬರಲ್ಲಿ, ಮೂರನೆಯ ಒಂದು ಎಂದದ್ದು ಮೂವರಲ್ಲಿ, ಐದನೆಯ ಎರಡು ಎಂದದ್ದು ಐವರಲ್ಲಿ. ಮೂರು ಕಡೆಯೂ ಪೂರ್ಣ ಬೇರೆ ಬೇರೆ. ಕೂಡುವ ಲೆಕ್ಕದಲ್ಲಿ ಪೂರ್ಣ ಬದಲಾಗುವಂತಿಲ್ಲ.

ಈ ಹಂತದಲ್ಲಿ ಒಬ್ಬ ಹುಡುಗಿ, ‘ಎರಡು ಸಾಲಿನಾಗೂ ಆರಾರು ಜನ ಇದ್ರೆ?’ ಎಂದು ಕೇಳಿದಳು. ಇದಕ್ಕೆ ಸಿದ್ಧತೆ ಇರಲಿಲ್ಲ. ವನಜಾ ಬೋರ್ಡಿನ ಮೇಲೆ ಆರು ಚುಕ್ಕೆಗಳ ಎರಡು ಸಾಲು ಬರೆದು, ಮೊದಲ ಸಾಲಿನ ಅರ್ಧ ಮೂರಕ್ಕೂ ಎರಡನೆಯ ಸಾಲಿನ ಮೂರನೆಯ ಒಂದು ಭಾಗವಾದ ಎರಡಕ್ಕೂ ಸುತ್ತು ಹಾಕಿದರು. ಒಟ್ಟು ಐದು ಚುಕ್ಕೆ. ‘ಎರಡೂ ಸಾಲು ಸೇರಿಸಿ ನೋಡಿದ್ರೆ ಹನ್ನೆರಡರಲ್ಲಿ ಐದು. ಒಂದು ಸಾಲನ್ನ ಪೂರ್ಣ ಅಂದ್ಕೊಂಡ್ರೆ?’ ಎಂದು ಕೇಳಿದರು. ‘ಆರರಲ್ಲಿ ಐದು’ ಎಂಬ ಉತ್ತರ ಬಂದಿತು. ಅದೇ ಐದು ಚುಕ್ಕೆಗಳು ಒಂದು ಕಡೆ 5/12, ಇನ್ನೊಂದು ಕಡೆ 5/6. ಎರಡನೆಯದೇ 1/2 + 1/3ರ ಉತ್ತರ. ಇದನ್ನು ಅವರು ನಿಂತಲ್ಲೇ ಯೋಚಿಸಿ ಮಾಡಿದರು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ನಿಜವಾದ ಫಲಿತಾಂಶ ಈ ಕೆಲವು ನಿಮಿಷಗಳಲ್ಲಿದೆ. ಹಿಂದಿನ ದಿನದ ಪ್ರಶ್ನೆಗೆ ಕೊಟ್ಟ ಉತ್ತರ ಸಂಜೆಯ ತಯಾರಿಯಿಂದ ಬಂದದ್ದು. ಇದು ತರಗತಿಯಲ್ಲಿಯೇ ಹುಟ್ಟಿದ್ದು.

ಬದಲಾದದ್ದು ಮತ್ತು ಬದಲಾಗದೆ ಉಳಿದದ್ದು

ಇಂಟರ್ನ್‌ಶಿಪ್‌ನ ಉಳಿದ ಅವಧಿಯಲ್ಲಿ ವನಜಾ ಗಣಿತದ ಪಾಠಗಳನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅವರ ಗಣಿತ ತರಗತಿಗಳಲ್ಲಿ ‘ಹೇಗೆ ಬಂತು ಹೇಳು’ ಎಂಬ ಪ್ರಶ್ನೆ ಸರಿ ಉತ್ತರ ಕೊಟ್ಟವರಿಗೂ ತಪ್ಪು ಉತ್ತರ ಕೊಟ್ಟವರಿಗೂ ಸಮನಾಗಿ ಬರತೊಡಗಿತು. ಆದರೂ ದಶಮಾಂಶಗಳ ಪಾಠ ಬಂದಾಗ ಹಳೆಯ ಅಳುಕು ಮರಳಿತು. 0.35 ಮತ್ತು 0.4ರಲ್ಲಿ ಯಾವುದು ದೊಡ್ಡದು ಎಂಬಲ್ಲಿ ಮಕ್ಕಳು 35, 4 ಎಂದು ಓದಿ ಮೊದಲನೆಯದೇ ದೊಡ್ಡದು ಎನ್ನುತ್ತಾರೆ ಎಂದು ಅವರು ಎಡಪುಟದಲ್ಲಿ ಬರೆದಿದ್ದರು, ಆದರೆ ಅದನ್ನು ತಿದ್ದುವ ಬಗೆ ಗೊತ್ತಾಗದೆ ಹಿಂದಿನ ದಿನವೇ ನಮ್ಮ ಬಳಿಗೆ ಬಂದರು. ಒಂದು ಅಧ್ಯಾಯದಲ್ಲಿ ಗಳಿಸಿದ ಧೈರ್ಯ ಮುಂದಿನ ಅಧ್ಯಾಯಕ್ಕೆ ತಾನಾಗಿ ಹರಿಯುವುದಿಲ್ಲ. ಅಲ್ಲಿಯ ಅರ್ಥವನ್ನು ಮತ್ತೆ ಹುಡುಕಿಕೊಳ್ಳಬೇಕಾಗುತ್ತದೆ. ಬದಲಾದದ್ದು ಏನೆಂದರೆ, ಅಳುಕು ಬಂದಾಗ ಪಾಠವನ್ನು ಬೇರೆಯವರಿಗೆ ಕೊಡುವ ಬದಲು ಪ್ರಶ್ನೆಯನ್ನು ಹಿಡಿದುಕೊಂಡು ಬರುವ ಅಭ್ಯಾಸ.

ಇದೇ ಕ್ರಮವನ್ನು ಅದೇ ತಂಡದ ಇನ್ನೊಬ್ಬ ಪ್ರಶಿಕ್ಷಣಾರ್ಥಿಗೆ ಅನ್ವಯಿಸಿದಾಗ ಫಲ ಕಾಣಲಿಲ್ಲ. ಅವರ ಗಣಿತ ಜ್ಞಾನ ಚೆನ್ನಾಗಿತ್ತು, ಅಳುಕು ಇದ್ದದ್ದು ಮಕ್ಕಳ ಗದ್ದಲದ ಬಗ್ಗೆ. ಗಣಿತದ ಪಾಠದಲ್ಲಿ ಇಬ್ಬರೂ ಒಂದೇ ರೀತಿ ತಡವರಿಸುತ್ತಿದ್ದುದರಿಂದ ಹೊರಗಿನಿಂದ ನೋಡಿದವರಿಗೆ ಇಬ್ಬರದೂ ಗಣಿತ ಭಯವೆಂದೇ ತೋರುತ್ತಿತ್ತು. ಅದೇ ವ್ಯಕ್ತಿ ಬೇರೆ ವಿಷಯವನ್ನು ಹೇಗೆ ಬೋಧಿಸುತ್ತಾರೆ ಎಂಬುದನ್ನು ನೋಡದೆ ಪರಿಹಾರಕ್ಕೆ ಕೈಹಾಕಬಾರದು ಎಂದು ಇತರ ಉಪನ್ಯಾಸಕರಿಗೆ ನಾನು ಒತ್ತಿ ಹೇಳುವುದು ಇದರಿಂದಲೇ.

ತರಗತಿ ಶಿಕ್ಷಕರು ಎತ್ತಿದ ಆಕ್ಷೇಪವನ್ನೂ ದಾಖಲಿಸಬೇಕು. ಒಂದು 2/5ಕ್ಕಾಗಿ ಇಡೀ ಅವಧಿ ಹೋದರೆ ಪಠ್ಯಭಾಗ ಮುಗಿಯುವುದು ಯಾವಾಗ ಎಂದು ಅವರು ಕೇಳಿದರು. ಆ ಅಧ್ಯಾಯ ನಿಗದಿಗಿಂತ ತಡವಾಗಿ ಮುಗಿದದ್ದು ನಿಜ, ಮತ್ತು ಆ ಹೊರೆ ಇಂಟರ್ನ್‌ಶಿಪ್ ಮುಗಿದ ಮೇಲೆ ಅವರ ಮೇಲೆಯೇ ಬಿದ್ದಿತು. ಪ್ರಶಿಕ್ಷಣಾರ್ಥಿಯ ಕಲಿಕೆಗೆ ಬೇಕಾದ ಸಮಯವನ್ನು ಮಕ್ಕಳ ವೇಳಾಪಟ್ಟಿಯಿಂದ ತೆಗೆದುಕೊಳ್ಳುವಾಗ ಶಾಲೆಯೊಂದಿಗೆ ಮೊದಲೇ ಮಾತಾಡಿಕೊಳ್ಳುವುದು ನ್ಯಾಯ. ಮುಂದಿನ ತಂಡಕ್ಕೆ ಅದೇ ಶಾಲೆಯ ಮುಖ್ಯ ಶಿಕ್ಷಕರೊಂದಿಗೆ ಚರ್ಚಿಸಿ, ಹೊಸ ಪರಿಕಲ್ಪನೆ ಪರಿಚಯಿಸುವ ದಿನಗಳಲ್ಲಿ ಗಣಿತಕ್ಕೆ ಎರಡು ಅವಧಿಗಳನ್ನು ಜೋಡಿಸಿ ಕೊಡುವ, ಅಭ್ಯಾಸದ ಲೆಕ್ಕಗಳನ್ನು ತರಗತಿ ಶಿಕ್ಷಕರೇ ಸಮಾನಾಂತರವಾಗಿ ಮಾಡಿಸುವ ಏರ್ಪಾಡು ಮಾಡಿಕೊಂಡೆವು. ಪಾಠ ಯೋಜನೆಯ ಎಡಪುಟವನ್ನು ಆ ತಂಡದ ಎಲ್ಲರಿಗೂ ಕಡ್ಡಾಯ ಮಾಡಿದೆವು, ಮತ್ತು ವನಜಾ ಅವರು ಬರೆದಿಟ್ಟ ಎಡಪುಟಗಳ ಪ್ರತಿಯನ್ನು ಅವರ ಅನುಮತಿಯಿಂದ ಗಣಿತ ಕೊಠಡಿಯಲ್ಲಿ ಇರಿಸಿದೆವು.